ಕಾಡುಕೋಣದ ಜೊತೆ ಬಂದ ಚೆಂಡು

ಮೊನ್ನೆ ಶಹಾಪುರದ ನೀಲಕ್ಕನ ಮನೆಗೆ ಹೋಗಿದ್ದೆ. ನೀಲಕ್ಕ ನನ್ನ ಕಾಕಾನ ಮಗಳು. ಸೀರೆಯ ಅಂಚಿನ ನಕ್ಷೆ ಬಿಡಿಸುವುದು ಅವಳ ಕಸುಬು. ಅವಳು ಬಜಾರಕ್ಕೆ ಹೋದ ಹೊತ್ತು ನೋಡಿ ಮೊಮ್ಮಗಳು ಗೌರಿ ಅಜ್ಜಿಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ನಡುವೆ ಒಂದು ಚೌಕ ಎದ್ದು, ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಇಳಿಸಿಕೊಳ್ಳಲೇ ಎಂದು ಕೇಳುತ್ತಿತ್ತು.

“ಏನದು?” ಎಂದೆ.

“ಆಟಕ್ಕ ಜೋಡಸೂದು ಅಜ್ಜಾ. ಆಡಾವ್ರ ಮಾಡಿ ಹಾಕಿರತಾರ. ಇದನ್ನ ಹಾಕಿದ್ರ ನನ್ನ ಕುದುರಿಗೆ ರೆಕ್ಕಿ ಬರತಾವ. ಪುಕ್ಕಟ.”

“ತಡಿ, ಒತ್ತಬ್ಯಾಡ” ಎಂದು ಕುರ್ಚಿ ಎಳೆದುಕೊಂಡೆ. ನೀವೂ ಕುಳಿತುಕೊಳ್ಳಿ. ಈ ಮನೆಯಲ್ಲಿ ಚಹಾ ಮಾಡುವವಳು ಬರುವುದು ಇನ್ನೂ ತಡ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹತ್ತಿರದ ಟಿಳಕವಾಡಿಯ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ಶುರುವಾಯಿತು. ನೀಲಕ್ಕ ಹೋಗುತ್ತೇನೆಂದು ಹಟ ಹಿಡಿದಳು. ಒಬ್ಬಳೇ ಹೋಗಬಾರದೆಂದು ಕಾಕಾ ನನ್ನನ್ನು ಕಾವಲಿಗೆ ಹಚ್ಚಿದರು. ನಾನು ಎಂಥ ಕಾವಲುಗಾರ ಎಂದರೆ, ದಾರಿಯಲ್ಲಿ ನಾಯಿ ಬೊಗಳಿದರೆ ನೀಲಕ್ಕನ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಕ್ಲಾಸಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಯಂತ್ರಕ್ಕೆ ಧೂಳು ಆಗುವುದಿಲ್ಲವಂತೆ. ಕಾಲಿನ ಧೂಳಿಗೆ ಅಷ್ಟು ಅಂಜುತ್ತಿದ್ದ ನಾವು ಕೈಯಲ್ಲಿ ಏನು ಹಿಡಿದು ಒಳಗೆ ಹೋಗುತ್ತೇವೆ ಎಂದು ಮಾತ್ರ ನೋಡುತ್ತಿರಲಿಲ್ಲ.

ನಮ್ಮ ಜೊತೆ ದಸ್ತಗೀರ ಎಂಬವನೊಬ್ಬ ಕಲಿಯುತ್ತಿದ್ದ. ದಿನಾ ಖಾನಾಪುರದಿಂದ ರೈಲಿಗೆ ಬರುವವನು. ಮಾತು ಕಡಿಮೆ, ತಲೆ ಬಲು ಚುರುಕು. ಅವನು ಎಲ್ಲಿಂದಲೋ ಮೋಟಾರು ಓಡಿಸುವ ಆಟದ ಒಂದು ಫ್ಲಾಪಿ ಸಂಪಾದಿಸಿದ್ದ. ಫ್ಲಾಪಿ ಎಂದರೆ ಕರೀ ಹಪ್ಪಳದಂಥ ಚೌಕ, ಆಗ ನಾವು ಬರೆದದ್ದೆಲ್ಲ ಅದರಲ್ಲೇ ಉಳಿಯುತ್ತಿತ್ತು. ಆಟದೊಳಗೆ ದಸ್ತಗೀರ ತನ್ನದೊಂದು ರಸ್ತೆ ಸೇರಿಸಿದ. ಅದು ಅವನ ಊರ ಕಡೆಯ ಗುಂಜಿಯ ಕಾಡಿನ ರಸ್ತೆ, ಮೋಟಾರಿಗೆ ಅಡ್ಡ ಒಂದು ಕಾಡುಕೋಣ ಬರುತ್ತಿತ್ತು. ನೋಡಿದರೆ ಕೊಂಬು ಬಂದ ಸೋಫಾ ಇದ್ದಂತಿತ್ತು, ಆದರೆ ನಮ್ಮೂರ ಕೋಣವಲ್ಲವೇ, ನಾವೆಲ್ಲ ಅದಕ್ಕೆ ಮರುಳಾದೆವು. ಸರ್ ಕೂಡ ಪಾಠ ಬಿಟ್ಟು ಎರಡು ಸಲ ಕೋಣಕ್ಕೆ ಹಾಯಿಸಿಕೊಂಡರು.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬಾಜೂ ಮನೆಯಿಂದ ಡಬ್ಬಿಯಲ್ಲಿ ಹುಗ್ಗಿ ಬಂದರೆ ಆ ಡಬ್ಬಿಯನ್ನು ಖಾಲಿ ಕಳಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ದಸ್ತಗೀರನ ಫ್ಲಾಪಿಯಿಂದ ಆಟ ಇಳಿಸಿಕೊಂಡ ನೀಲಕ್ಕ, “ಬರೇ ಹಂಗ ಹೆಂಗ ಕೊಡೂದೋ” ಎಂದು, ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ಕೂತು ಬಿಡಿಸಿದ್ದ ಸೀರೆಯ ಅಂಚಿನ ನಕ್ಷೆಯನ್ನು ಅದರಲ್ಲಿ ಹಾಕಿ ಕೊಟ್ಟಳು. ಅವಳನ್ನು ನೋಡಿ ಉಳಿದವರೂ ಶುರುವಿಟ್ಟರು. ಒಬ್ಬ ರಂಗೋಲಿ ಹಾಕಿ ಕೊಟ್ಟ, ಇನ್ನೊಬ್ಬ ತನ್ನ ಹೆಸರನ್ನೇ ನೂರು ಸಲ ಬರೆದು ಕೊಟ್ಟ. ಹೀಗೆ ಮರ್ಯಾದಸ್ತರ ಕೈಯಿಂದ ಕೈಗೆ ಎಲ್ಲ ಫ್ಲಾಪಿಗಳೂ ಊರು ಸುತ್ತಿದವು.

ಕೆಲವು ದಿನಗಳಾದ ಮೇಲೆ ಪರದೆಯ ಮೇಲೆ ಒಂದು ಸಣ್ಣ ಚೆಂಡು ಕಾಣಿಸಿಕೊಂಡು, ಈ ಮೂಲೆಯಿಂದ ಆ ಮೂಲೆಗೆ ಪುಟಿಯತೊಡಗಿತು.

“ಚೆಂಡೂ ಹಾಕ್ಯಾನಲ್ಲೋ ಮಾರಾಯಾ” ಎಂದು ನಾವೆಲ್ಲ ದಸ್ತಗೀರನ ಬೆನ್ನು ಚಪ್ಪರಿಸಿದೆವು.

“ಅದು ನಂದಲ್ರೀ” ಎಂದ. ಎಷ್ಟು ವಿನಯ ನೋಡು ಇವನದು ಎಂದು ಇನ್ನೊಮ್ಮೆ ಚಪ್ಪರಿಸಿದೆವು. ಮರುದಿನ ಅವನು ಅಕ್ಕನ ಮದುವೆಗೆಂದು ರಜೆ ಹಾಕಿ ಊರಲ್ಲೇ ಉಳಿದ.

ಆ ವಾರವೇ ನೀಲಕ್ಕನ ಅಂಚಿನ ಫ್ಲಾಪಿ ತೆರೆಯಲಿಲ್ಲ. ಸರ್ ಬೆವರು ಒರೆಸಿಕೊಳ್ಳುತ್ತ, ಆ ಚೆಂಡು ಆಟದ್ದಲ್ಲ, ಆಟದ ಜೊತೆ ಹೊಕ್ಕ ಪೀಡೆ, ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಹತ್ತಿ ಒಳಗಿನದನ್ನು ಕೆಡಿಸುತ್ತದೆ ಎಂದರು. ದಸ್ತಗೀರ ಒಳ್ಳೆಯವನೇ. ಆದರೆ ಅವನ ಕೈಗೆ ಬರುವ ಮೊದಲು ಆ ಫ್ಲಾಪಿ ಎಲ್ಲೆಲ್ಲಿ ಉಂಡು ಬಂದಿತ್ತೋ ಅವನಿಗೇನು ಗೊತ್ತು?

ನೀಲಕ್ಕನ ಹತ್ತಿರ ಇನ್ನೊಂದು ಪ್ರತಿ ಇರಲಿಲ್ಲ. ದಸ್ತಗೀರನಿಗೆ ಕೊಟ್ಟದ್ದನ್ನು ಅವನು ಎಂದೋ ಅಳಿಸಿರುತ್ತಾನೆ ಎಂದುಕೊಂಡೆವು. ಸೋಮವಾರ ಶಹಾಪುರದ ಮಗ್ಗದ ಮಾಲೀಕರು ಅಂಚು ನೋಡಲು ಕ್ಲಾಸಿಗೇ ಬರುವವರಿದ್ದರು. ಅವರು ಒಪ್ಪಿದರೆ ಅವಳಿಗೆ ಕೆಲಸ. ಒಪ್ಪದಿದ್ದರೆ ಏನು ಎಂಬುದನ್ನು ಕಾಕಾ ಮೊದಲೇ ಹೇಳಿದ್ದರು: “ಇದೊಂದು ಸಲ ನೋಡತೇನಿ ನೀಲಾ. ಆಮ್ಯಾಲ ಕ್ಲಾಸೂ ಸಾಕು, ತಿರಗಾಡೂದೂ ಸಾಕು.” ಅವತ್ತು ನೀಲಕ್ಕ ಮಾಳಿಗೆಯ ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಕಾವಲುಗಾರನಾದ ನಾನು ಪಕ್ಕದಲ್ಲಿ ಕೂತು, ಏನು ಮಾಡಬೇಕೋ ತಿಳಿಯದೆ, ಅವಳಿಗಿಂತ ಜೋರಾಗಿ ಅತ್ತೆ.

ಸೋಮವಾರ ಮಾಲೀಕರು ಬಂದರು, ಜೊತೆಗೆ ಕಾಕಾ. ನೀಲಕ್ಕ ಬಾಯಿ ತೆರೆಯುವಷ್ಟರಲ್ಲಿ ಮದುವೆ ಮುಗಿಸಿ ಬಂದ ದಸ್ತಗೀರ ಒಳಗೆ ನುಗ್ಗಿದ. ಕೆಳಗೆ ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು. “ನಿಮ್ದು ನನ್ನ ಕಡೆ ಐತ್ರೀ ಅಕ್ಕಾರ” ಎಂದವನೇ ಫ್ಲಾಪಿ ತೂರಿಸಿ ಆಟ ಹಚ್ಚಿದ. ಗುಂಜಿಯ ರಸ್ತೆ ಓಡತೊಡಗಿತು. ರಸ್ತೆಯ ಎರಡೂ ಬದಿಗೆ ಉದ್ದಕ್ಕೂ ನೀಲಕ್ಕನ ಅಂಚು. ರಸ್ತೆ ಬೋಳಾಗಿ ಕಾಣುತ್ತದೆಂದು ಅವನು ಅದನ್ನು ಅಲ್ಲಿ ಹೊಲಿದುಬಿಟ್ಟಿದ್ದ.

ಮಾಲೀಕರು ಕನ್ನಡಕ ಏರಿಸಿದರು. “ಗಾಡಿ ನಿಂದರಸು ತಮ್ಮಾ, ಅಂಚು ನೋಡೂಣು” ಎಂದರು. ಕೋಣಕ್ಕೆ ಹಾಯ್ದು ಗಾಡಿ ನಿಂತಿತು. ಅಷ್ಟರಲ್ಲಿ ಆ ದರಿದ್ರ ಚೆಂಡೂ ಬಂತು. ಮಾಲೀಕರು ಅದರ ಹಿಂದೆಯೇ ಕತ್ತು ತಿರುಗಿಸುತ್ತ ಬಹಳ ಹೊತ್ತು ನೋಡಿದರು.

“ಅಂಚು ಪಸಂದ ಐತಿ. ಬುಟ್ಟಾನೂ ಚಲೋ ಐತಿ, ಆದ್ರ ಒಂದ ಕಡೆ ನಿಂದರವಲ್ಲದು. ಅದನ್ನ ಬಿಡ್ರಿ, ಅಂಚು ನಮಗ ಇರ್ಲಿ” ಎಂದರು. ಮೂವತ್ತು ವರ್ಷ ಸೀರೆ ನೇಯಿಸಿದವರು, ಸೀರೆಯ ಮೈಮೇಲಿನ ಬುಟ್ಟಾ ಓಡಾಡಿದ್ದನ್ನು ಎಲ್ಲೂ ಕಂಡಿರಲಿಲ್ಲ. ಕಾಕಾ ಇಳಿಯುವಾಗ ನೀಲಕ್ಕನ ಚಪ್ಪಲಿಗಳನ್ನು ತಾವೇ ಕಾಲಿನಿಂದ ಸರಿಸಿ ಅವಳ ಮುಂದೆ ಇಟ್ಟರು.

ಗೌರಿ ಕೋಣದ ಕಥೆಗೆ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

“ಅಜ್ಜಿ ಖರೇನ ಅತ್ತಿದ್ಲಾ?”

“ಖರೇನ.”

“ನಾ ಒಮ್ಮಿನೂ ನೋಡಿಲ್ಲ, ಅಜ್ಜಿ ಅಳೂದು.” ಪರದೆಯ ಚೌಕ ಇನ್ನೂ ಕೇಳುತ್ತಲೇ ಇತ್ತು. ಹುಡುಗಿ ಅದನ್ನು ನೋಡಿ, “ಅಜ್ಜಿ ಬಿಡಿಸಿದ್ದೆಲ್ಲಾ ಇದರಾಗ ಐತಲ್ಲ” ಎಂದಳು, ನನಗಲ್ಲ, ತನಗೇ. ಆಮೇಲೆ ಬೇಡ ಎಂಬುದರ ಮೇಲೆ ಒತ್ತಿದಳು.

ಬಾಗಿಲ ಸದ್ದಾಯಿತು. ಕಾಯಿಪಲ್ಯದ ಚೀಲ ಹಿಡಿದು ಬಂದ ನೀಲಕ್ಕ ನಮ್ಮಿಬ್ಬರನ್ನೂ ಸಂಶಯದಿಂದ ನೋಡಿದಳು. “ಏನ ಮಾಡಾಕತ್ತೀರಿ ನನ್ನ ಜಾಗಾದಾಗ?”

ಗೌರಿ ಕುರ್ಚಿ ಬಿಟ್ಟು ಎದ್ದಳು. “ಏನಿಲ್ಲ ಅಜ್ಜಿ. ಬಾ, ಕುಂದರು” ಎಂದಳು.