ಮರುಳಪ್ಪನ ಒಂದೂವರೆ ಬೆರಳು

ಲೋಕದಲ್ಲಿ ದೊಡ್ಡ ದೊಡ್ಡ ಪರ್ವತಗಳಿವೆ. ಅವುಗಳ ತುದಿಗೆ ಮೊದಲು ಕಾಲಿಟ್ಟವರು ಯಾರು ಎಂದು ದೊಡ್ಡ ದೊಡ್ಡವರು ಜಗಳವಾಡುತ್ತಾರೆ. ಕೂಡ್ಲಿಗಿ ಸೀಮೆಯ ನೆತ್ತಿಕಲ್ಲು ಗುಡ್ಡ ಅಂಥದ್ದೇನಲ್ಲ. ಬುಡದಿಂದ ತುದಿಗೆ ಒಂಬೈನೂರು ಅಡಿ ಇದ್ದೀತು. ಅಲ್ಲಿ ಹಿಮ ಬೀಳುವುದಿಲ್ಲ. ಅದರ ಬದಲು ಮುಳ್ಳುಕಂಟಿ ಇದೆ, ಸೀತಾಫಲದ ಪೊದೆಗಳಿವೆ, ಆ ಸೀತಾಫಲವೆಲ್ಲ ತಮ್ಮ ಪಿತ್ರಾರ್ಜಿತ ಎಂದು ನಂಬಿದ ಕರಡಿಗಳಿವೆ. ಆದರೆ ಜಗಳದ ಎತ್ತರದಲ್ಲಿ ಮಾತ್ರ ಅದು ಯಾವ ಪರ್ವತಕ್ಕೂ ಸೋಲುವ ಗುಡ್ಡವಲ್ಲ.

ಈ ಸಲದ ಜಗಳಕ್ಕೆ ಕಾರಣ ಒಂದು ಕಲ್ಲು. ಆಗಸ್ಟ್ ಹದಿನೈದಕ್ಕೆ ಗುಡ್ಡದ ಬುಡದಲ್ಲಿ ಫಲಕ ನಿಲ್ಲಿಸಿ, ಮೊದಲು ತುದಿ ಏರಿದವರ ಹೆಸರು ಕೆತ್ತಿಸಬೇಕೆಂದು ಊರವರು ತೀರ್ಮಾನಿಸಿದ್ದರು. ಕಲ್ಲುಕುಟಿಗ ಹುಲುಗೇಶ ಹುಣಸೆಮರದ ಕೆಳಗೆ ಕಲ್ಲು ಮಲಗಿಸಿ, ನಯ ಮಾಡಿ, ಉಳಿ ಎತ್ತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿವೃತ್ತ ಮೇಷ್ಟ್ರು ಪಂಚಾಕ್ಷರಪ್ಪ ಕುಳಿತು, ತಮ್ಮ ತಂದೆ ಗುರುಬಸಪ್ಪನವರ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದರು. ಆಗ ಗಾದೆಮ್ಮ ಬಂದಳು. ತಲೆಯ ಮೇಲಿದ್ದ ಬುಟ್ಟಿಯನ್ನು ಇಳಿಸಿ, ಸರಿಯಾಗಿ ಕಲ್ಲಿನ ನಟ್ಟನಡುವೆ ಇಟ್ಟಳು.

"ಹುಲುಗೇಶಾ, ಉಳಿ ಕೆಳಗಿಡಪ್ಪ."

"ಯಾಕಬೇ ಯವ್ವಾ?"

"ಮೊದಲು ಹತ್ತಿದಾತ ನಮ್ಮಜ್ಜ. ಸುಳ್ಳು ಕೆತ್ತಿದ್ರ ಉಳಿ ಮೊಂಡಾಗ್ತೈತಿ."

ಪಂಚಾಕ್ಷರಪ್ಪ ನಕ್ಕರು. ಅವರ ನಗು ತರಗತಿಯ ಕೊನೆಯ ಬೆಂಚಿಗೂ ಕೇಳುವಂಥದ್ದು.

"ಗಾದೆಮ್ಮ, ನಿಮ್ಮಜ್ಜ ಹತ್ತಲಿಕ್ಕೆ ಹೋದದ್ದು ನೋಡಿದವರು ಇದ್ರು. ತುದಿ ಮುಟ್ಟಿದ್ದು ಯಾರು ನೋಡ್ಯಾರ? ತಿರುಗಿ ಬಂದದ್ದಂತೂ ಯಾರೂ ನೋಡಿಲ್ಲ. ನಮ್ಮಪ್ಪಂದು ನೋಡು, ಐವತ್ತೆಂಟರಾಗ ತುದಿ ಮ್ಯಾಲ ನಿಂತ ಫೋಟೋ ಐತಿ. ಕೋಟು ಹಾಕ್ಕಂಡು ನಿಂತಾನ!"

"ಕೋಟು ಹಾಕ್ಕಂಡವರಷ್ಟ ಗುಡ್ಡ ಹತ್ತತಾರೇನ್ರಿ ಮೇಷ್ಟ್ರೆ?"

"ಹಂಗಾರ ಗುರುತು ತಂದು ತೋರಿಸು. ಶುಕ್ರವಾರದ ಮಟ ಕಾಯ್ತೀನಿ. ತೋರಿಸಿದಿ ಅಂದ್ರ ನಾನ ಮುಂದೆ ನಿಂತು ನಿಮ್ಮಜ್ಜನ ಹೆಸರು ಕೆತ್ತಿಸ್ತೀನಿ. ಇಲ್ಲಂದ್ರ ಬುಟ್ಟಿ ಎತ್ತು."

ಅಂದು ಸೋಮವಾರ.

ಗಾದೆಮ್ಮನಿಗೆ ಐವತ್ತೆಂಟು ವರ್ಷ. ಸೀತಾಫಲದ ಕಾಲದಲ್ಲಿ ನಸುಕಿಗೇ ಗುಡ್ಡ ಹತ್ತಿ, ಹಣ್ಣು ಬಿಡಿಸಿ, ಒಂಬತ್ತರ ಬಸ್ಸಿಗೆ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಳಿಸುವುದು ಅವಳ ಕಸುಬು. ಮದುವೆಯಾಗಿ ಹೊರಗೆ ಹೋದವಳಲ್ಲ. ಗಂಡನೇ ಮನೆ ಅಳಿಯನಾಗಿ ಬಂದು, ಇವಳ ಮಾತು ಕೇಳಿ ಕೇಳಿ, ಈಗ ಕಿವಿ ಮಂದವಾಗಿ ಸುಖವಾಗಿದ್ದಾನೆ. ಒಮ್ಮೆ ಒಂದೇ ಗಿಡಕ್ಕೆ ಈ ಕಡೆಯಿಂದ ಅವಳೂ ಆ ಕಡೆಯಿಂದ ಕರಡಿಯೂ ಕೈಹಾಕಿದ್ದುಂಟು. "ನಾ ಮೊದಲು ಬಂದೀನಿ" ಎಂದು ಅವಳು ಗದರಿದಳಂತೆ. ಕರಡಿ ಕ್ಷಣಹೊತ್ತು ಯೋಚಿಸಿ ಹೊರಟುಹೋಯಿತಂತೆ. ಕರಡಿಯ ಕಡೆಯ ಹೇಳಿಕೆ ಸಿಕ್ಕಿಲ್ಲ. ಇಷ್ಟಾದರೂ ಅವಳು ಏರುತ್ತಿದ್ದದ್ದು ಸೀತಾಫಲ ಇರುವವರೆಗೆ, ಅಂದರೆ ಅರ್ಧ ಗುಡ್ಡ. ಅದರಾಚೆ ಬರೀ ಬಂಡೆ. ಬಂಡೆಯಲ್ಲಿ ಮಾರುವಂಥದ್ದೇನೂ ಬೆಳೆಯುವುದಿಲ್ಲ.

ಅವಳ ಅಜ್ಜ ಮರುಳಪ್ಪನ ಕಥೆ ಊರಿಗೆಲ್ಲ ಗೊತ್ತು. ಸಾವಿರದ ಒಂಬೈನೂರ ನಲವತ್ತೇಳರ ಆಗಸ್ಟ್ ಹದಿನಾಲ್ಕು. ಮರುದಿನ ಸ್ವಾತಂತ್ರ್ಯ. ಯಾರೂ ಏರದ ತುದಿಯ ಮೇಲೆ ದೀಪ ಹಚ್ಚುತ್ತೇನೆಂದು ಮರುಳಪ್ಪ, ಗೆಳೆಯ ಮಾರಣ್ಣನನ್ನೂ ಒಂದು ಗಡಿಗೆ ಹರಳೆಣ್ಣೆಯನ್ನೂ ಕರೆದುಕೊಂಡು ಹೊರಟ. ಹೊರಡುವ ಮುನ್ನ ಊರ ಮುಂದೆ ನಿಂತು, "ದೀಪ ಕಾಣಲಿಲ್ಲ ಅಂದ್ರ ಈ ಮೀಸಿ ಬೋಳಿಸ್ತೀನಿ" ಎಂದು ಶಪಥ ಮಾಡಿದ. ಆ ಮೀಸೆಯ ಮೇಲೆ ಎರಡು ನಿಂಬೆಹಣ್ಣು ನಿಲ್ಲುತ್ತಿದ್ದವಂತೆ. ಸಂಜೆಗೆ ಜಡಿಮಳೆ ಬಂತು. ದೀಪ ಕಾಣಲಿಲ್ಲ. ಜನ ಕಾಣಲಿಲ್ಲ. ಮಾರನೆಯ ದಿನ ಬಂಡೆಯ ಬುಡದಲ್ಲಿ ಒಂಟಿ ಚಪ್ಪಲಿ ಸಿಕ್ಕಿತು. ಊರು ಪಂಚಾಯಿತಿ ಕೂತು ತೀರ್ಪು ಕೊಟ್ಟಿತು: ಮಾರಣ್ಣನನ್ನು ಕರಡಿ ತಿಂದಿದೆ, ಮರುಳಪ್ಪ ಎಣ್ಣೆ ಮಾರಿಕೊಂಡು ಓಡಿಹೋಗಿದ್ದಾನೆ.

ಮರುಳಪ್ಪನ ಹೆಂಡತಿ, ಕಂಕುಳಲ್ಲಿ ಕೂಸು ಇಟ್ಟುಕೊಂಡವಳು, ಎರಡನ್ನೂ ಒಪ್ಪಲಿಲ್ಲ. "ಆತ ಸಾಯೋ ಗಂಡಸಲ್ಲ" ಎಂದು ನಲವತ್ತೆರಡು ವರ್ಷ ಹಣೆಗೆ ಕುಂಕುಮ ಇಟ್ಟಳು, ಕೈಗೆ ಬಳೆ ತೊಟ್ಟಳು. ಹೆಂಗಸರು ಬೆನ್ನ ಹಿಂದೆ ನಕ್ಕರು. ಅಷ್ಟೇ ಅಲ್ಲ, ವರ್ಷವರ್ಷವೂ ಮನೆಗೆಲ್ಲ ಸುಣ್ಣ ಬಳಿದರೂ ಪಡಸಾಲೆಯ ಒಂದು ಕಂಬಕ್ಕೆ ಮಾತ್ರ ಬಳಿಯಗೊಡಲಿಲ್ಲ. ಎಲೆಯಡಿಕೆ ಹಾಕುವಾಗ ಮರುಳಪ್ಪ ಬೆರಳಿಗುಳಿದ ಸುಣ್ಣವನ್ನು ಒರೆಸುತ್ತಿದ್ದ ಕಂಬ ಅದು. ಅವನ ಬಲಗೈ ತೋರುಬೆರಳು ಗಾಣಕ್ಕೆ ಸಿಕ್ಕಿ ಅರ್ಧ ಹೋಗಿತ್ತು. ಹಾಗಾಗಿ ಎರಡು ಬೆರಳು ಕೂಡಿಸಿ ಎಳೆದರೆ ಒಂದು ಉದ್ದ ಗೆರೆ, ಅದರ ಪಕ್ಕ ಒಂದು ಮೋಟು ಗೆರೆ ಬೀಳುತ್ತಿತ್ತು. ಗಾದೆಮ್ಮ ಅಆಇಈ ಕಲಿಯುವ ಮುಂಚೆ ಕಲಿತದ್ದು ಆ ಗೆರೆಗಳನ್ನು.

ಸೋಮವಾರ ಸಂಜೆ ಅವಳು ಆ ಕಂಬಕ್ಕೇ ಒರಗಿ ಎಲೆ ಮಡಚುತ್ತಿದ್ದಳು. ಬೆರಳ ತುದಿಯ ಸುಣ್ಣವನ್ನು ಗೋಡೆಗೆ ಒರೆಸಿದಳು. ಒರೆಸಿದವಳು ಹಾಗೇ ಕೈ ನಿಲ್ಲಿಸಿದಳು.

ಎಪ್ಪತ್ತೆಂಟು ವರ್ಷ ಜನ ಗುಡ್ಡದಲ್ಲಿ ಎಲುಬು ಹುಡುಕಿದರು, ಬಟ್ಟೆ ಹುಡುಕಿದರು, ಗಡಿಗೆಯ ಚೂರು ಹುಡುಕಿದರು. ಸುಣ್ಣ ಯಾರೂ ಹುಡುಕಿರಲಿಲ್ಲ. ಹುಡುಕುವುದಾದರೂ ಹೇಗೆ? ಈ ಸೀಮೆಯಲ್ಲಿ ಸುಣ್ಣ ಒರೆಸದ ಗೋಡೆಯಿಲ್ಲ, ಕಂಬವಿಲ್ಲ, ಬಸ್ಸಿನ ಸೀಟಿಲ್ಲ. ಕಣ್ಣು ಅದನ್ನು ಕಾಣುವುದನ್ನೇ ಬಿಟ್ಟಿದೆ.

ಮರುದಿನ ಬೆಳಿಗ್ಗೆ ಮಹಾಯಾತ್ರೆ ಹೊರಟಿತು. ತಂಡದ ಬಲ ಇಬ್ಬರು. ನಾಯಕಿ ಗಾದೆಮ್ಮ: ಬಾವಿಹಗ್ಗ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಎಲೆಯಡಿಕೆ ಸಂಚಿ. ಸಾಕ್ಷಿ ಪಂಚಾಕ್ಷರಪ್ಪ: ಕೊಡೆ, ಮಂಡಕ್ಕಿ ಪೊಟ್ಟಣ, ಮತ್ತು ಗೋಡೆಯಿಂದ ಇಳಿಸಿ ಟವೆಲಿನಲ್ಲಿ ಸುತ್ತಿದ ತಂದೆಯ ಫೋಟೋ. ಬರಬೇಡಿ ಎಂದರೂ ಅವರು ಕೇಳಿರಲಿಲ್ಲ.

"ನೀನ ಹೋಗಿ ನೀನ ಸುಣ್ಣ ಬಳಿದು ಬಂದ್ರ? ನಾ ಕಣ್ಣಿಂದ ನೋಡಬೇಕು."

"ನೋಡ್ರಿ. ಆದ್ರ ನಿಮ್ಮನ್ನ ಹೊತ್ಕಂಡು ಇಳಿಯಾಕ ನನ್ನ ಬುಟ್ಟಿ ಸಾಲೂದಿಲ್ಲ."

ಸೀತಾಫಲದ ಗಡಿ ದಾಟಿದ ಮೇಲೆ ಬಂಡೆ ಶುರುವಾಯಿತು. ಮೇಷ್ಟ್ರು ಮೊದಲು ಚಪ್ಪಲಿ ಬಿಟ್ಟರು, ಆಮೇಲೆ ಕೊಡೆ ಬಿಟ್ಟರು, ಕೊನೆಗೆ ಮೂವತ್ತೈದು ವರ್ಷ ಮಕ್ಕಳ ಮುಂದೆ ಕಾಪಾಡಿಕೊಂಡು ಬಂದ ಗಾಂಭೀರ್ಯವನ್ನೂ ಬಿಟ್ಟು ನಾಲ್ಕು ಕಾಲಿನಲ್ಲಿ ತೆವಳಿದರು. ಫೋಟೋ ಮಾತ್ರ ಬಿಡಲಿಲ್ಲ. ಬಾವಿಹಗ್ಗದ ಒಂದು ತುದಿ ಅವರ ಸೊಂಟದಲ್ಲಿ, ಇನ್ನೊಂದು ಗಾದೆಮ್ಮನ ಕೈಯಲ್ಲಿ.

"ಜಗ್ಗಬೇ, ಜಗ್ಗು!"

"ತುಂಬಿದ ಕೊಡ ಇಷ್ಟು ಮಾತಾಡೂದಿಲ್ರಿ ಮೇಷ್ಟ್ರೆ. ಸುಮ್ಮನ ಬರ್ರಿ."

ಹನ್ನೊಂದರ ಹೊತ್ತಿಗೆ ತುದಿ. ಅಲ್ಲಿ ಟೊಪ್ಪಿಗೆಯಂತೆ ಕವಿದ ಒಂದು ದೊಡ್ಡ ಗುಂಡುಕಲ್ಲು. ಅದರ ಕೆಳಗೆ ಮಳೆ ತಾಕದ ಒಣ ಜಾಗ. ಗಾದೆಮ್ಮ ಸೀರೆಯ ಸೆರಗು ಸಿಕ್ಕಿಸಿ ಒಳಗೆ ತಲೆ ಹಾಕಿದಳು. ಎದೆಯ ಎತ್ತರದಲ್ಲಿ, ಕಂದು ಬಂಡೆಯ ಮೇಲೆ, ಎರಡು ಬಿಳಿ ಗೆರೆ. ಒಂದು ಉದ್ದ. ಒಂದು ಮೋಟು.

ಅವಳು ತನ್ನ ಎರಡು ಬೆರಳನ್ನು ಗೆರೆಗಳ ಮೇಲಿಟ್ಟು, "ಬಂದಿಯಲ್ಲೋ ಅಜ್ಜ" ಎಂದಳು, ಅಷ್ಟೆ.

ಪಂಚಾಕ್ಷರಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿ ನೋಡಿದರು. ಸುಣ್ಣ ಕಲ್ಲಿಗೆ ಕಲ್ಲಾಗಿತ್ತು, ಬಿಡಲಿಲ್ಲ.

"ಹಳೇದು ಖರೆ. ಆದ್ರ ಎಷ್ಟು ಹಳೇದು? ನಮ್ಮಪ್ಪ ಹತ್ತಿದ ಮ್ಯಾಲ ಯಾರರ ಬಂದು ಒರೆಸಿರಬಹುದು. ನೋಡು, ನಮ್ಮಪ್ಪ ಇಲ್ಲೇ ನಿಂತಾನ" ಎನ್ನುತ್ತ ಟವೆಲು ಬಿಚ್ಚಿ ಫೋಟೋ ಹಿಡಿದರು.

ಫೋಟೋದಲ್ಲಿ ಗುರುಬಸಪ್ಪನವರು ಇದೇ ಗುಂಡಿನ ಮುಂದೆ, ಕೋಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಮೊದಲಿಗನ ಠೀವಿಯಲ್ಲಿ ನಿಂತಿದ್ದರು. ಅವರ ಎಡ ಭುಜದ ಪಕ್ಕ ಎರಡು ಬಿಳಿ ಗೆರೆಗಳಿದ್ದವು. ಒಂದು ಉದ್ದ. ಒಂದು ಮೋಟು.

ಅರವತ್ತು ಚಿಲ್ಲರೆ ವರ್ಷ ಆ ಫೋಟೋಕ್ಕೆ ಊದುಬತ್ತಿ ಬೆಳಗಿದ ಮನೆಯವರು ಅದನ್ನು ಸ್ಟುಡಿಯೋದವನ ಕೈತಪ್ಪು ಎಂದುಕೊಂಡಿದ್ದರು. ಮೇಷ್ಟ್ರು ಫೋಟೋ ನೋಡಿದರು, ಬಂಡೆ ನೋಡಿದರು, ಮತ್ತೆ ಫೋಟೋ ನೋಡಿದರು. ಬೇಕಾಗಿದ್ದರೆ ಟವೆಲನ್ನು ತಟ್ಟನೆ ಸುತ್ತಿಬಿಡಬಹುದಿತ್ತು. ಗಾದೆಮ್ಮನ ಕಣ್ಣಿಗೆ ಅದಿನ್ನೂ ಬಿದ್ದಿರಲಿಲ್ಲ. ಆದರೆ ಜೀವಮಾನವೆಲ್ಲ ಬೇರೆಯವರ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆದ ಕೈ ಅದು. ತನ್ನ ಲೆಕ್ಕಕ್ಕೂ ಎಳೆಯಿತು.

"ಗಾದೆಮ್ಮ, ಇಲ್ಲಿ ನೋಡು," ಎಂದು ಬೆರಳಿಟ್ಟು ತೋರಿಸಿದರು. "ನಿಮ್ಮಜ್ಜ ಗೆದ್ದ."

ಇಬ್ಬರೂ ಮಂಡಕ್ಕಿ ತಿಂದರು. ಯಾತ್ರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೈ ಒರೆಸಲು ಎದ್ದ ಗಾದೆಮ್ಮನಿಗೆ, ಗುಡ್ಡದ ಆಚೆ ಮಗ್ಗುಲಲ್ಲಿ, ಇಳಿಜಾರಿನ ಒಂದು ಬಂಡೆಯ ಪೊಟರೆಯೊಳಗೆ ಮತ್ತೆ ಒಂದು ಉದ್ದ, ಒಂದು ಮೋಟು ಕಾಣಿಸಿದವು.

"ಆ ಕಡಿ ಇಳದಾನ್ರಿ! ಎಲ್ಲಿ ಬಿದ್ದಾನ ನೋಡೋಣು. ಎಲುಬರ ಸಿಗಲಿ, ಮಣ್ಣು ಮಾಡತೀನಿ."

ಆ ಕಡೆ ಅಂದರೆ ನೆತ್ತಿಕಲ್ಲಿನವರಿಗೆ ಪರದೇಶ. ಈ ಮಗ್ಗುಲಿನವರ ಸಂತೆ ಕೂಡ್ಲಿಗಿ, ಆ ಮಗ್ಗುಲಿನವರದು ಅರಸೀಕೆರೆ (ರೈಲು ಜಂಕ್ಷನ್ನಿನದಲ್ಲ, ಈ ಸೀಮೆಯದೇ); ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ; ರಸ್ತೆ ಹಿಡಿದರೆ ಹನ್ನೆರಡು ಹರದಾರಿ ಸುತ್ತು. ಇಬ್ಬರೂ ಕೂತು ಜಾರುತ್ತ, ಹಗ್ಗ ಹಿಡಿಯುತ್ತ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಬುಡದ ಹಳ್ಳಿ ಮುಟ್ಟಿದರು. ದಾರಿಯಲ್ಲಿ ಎಲುಬು ಸಿಗಲಿಲ್ಲ. ಹಳ್ಳಿಯ ಬಾಯಿಗೇ ಒಂದು ಹಳೆಯ ಕಲ್ಲುಮಂಟಪವಿತ್ತು. ಅದರ ಒಂದು ಕಂಬದ ಬಣ್ಣವೇ ಬಿಳಿ. ಬುಡದಿಂದ ಆಳೆತ್ತರದವರೆಗೆ ಗೆರೆಯ ಮೇಲೆ ಗೆರೆ, ಸಾವಿರಾರು ಗೆರೆ: ಉದ್ದ, ಮೋಟು, ಉದ್ದ, ಮೋಟು.

ಎಷ್ಟೇ ಎಲೆ ತಿನ್ನುವವನಾದರೂ ಇಷ್ಟು ಸುಣ್ಣ ಒರೆಸಲು ನಲವತ್ತು ವರ್ಷ ಬೇಕು. ಪಂಚಾಕ್ಷರಪ್ಪ ಮೆಲ್ಲಗೆ ಕೆಮ್ಮಿದರು.

ಮಂಟಪದ ಮೆಟ್ಟಿಲ ಮೇಲೆ ಶೇಂಗಾ ಸುಲಿಯುತ್ತಿದ್ದ ನಡುವಯಸ್ಸಿನ ಹೆಂಗಸು ತಲೆಯೆತ್ತಿದಳು. ಹೆಸರು ಶಾಂತಕುಮಾರಿ.

"ಏನ್ ನೋಡಾಕತ್ತೀರಿ? ಆ ಕಂಬ ನಮ್ಮಜ್ಜಂದು. ಗುಡ್ಡದಪ್ಪ ಅಂತ."

"ಅದೇನು ಹೆಸರವ್ವ?" ಗಾದೆಮ್ಮ ಕಂಬದ ಹತ್ತಿರ ಸರಿದಳು.

"ಗುಡ್ಡ ಇಳಿದು ಬಂದಿದ್ನಂತ, ಅದಕ್ಕ ಹಂಗಂದ್ರು. ಊರು ಯಾವುದು ಅಂದ್ರ ಬಾಯಿ ಬಿಡತಿದ್ದಿಲ್ಲ. ಮಳ್ಯಾಗ ಜಾರಿ ಕಾಲು ಮುರಕಂಡು ಬಿದ್ದಿದ್ನಂತ, ನಮ್ಮಜ್ಜಿ ಎಣ್ಣಿ ಹಚ್ಚಿ ಕಟ್ಟು ಕಟ್ಟಿದ್ಲು. ಕಾಲೂ ಕೂಡಿಕಂತು, ಸಂಸಾರನೂ ಕೂಡಿಕಂತು."

"ಜೊತಿಗಿ ಒಬ್ಬ ಇರಬೇಕಲ್ಲ?"

"ಇದ್ದ, ಮಾರಣ್ಣಜ್ಜ. ಆತ ಮೈಲಾರಕ್ಕ ಹೋಗಿ ಗೊರವಯ್ಯ ಆದ. ಕರಡಿ ಕೂದಲಿನ ಕುಲಾಯಿ ಹಾಕ್ಕಂಡು ಡಮರುಗ ಬಾರಿಸ್ತ ವರ್ಷಕ್ಕೊಮ್ಮೆ ಬರತಿದ್ದ."

ಅಂದರೆ ಕರಡಿ ಮಾರಣ್ಣನನ್ನು ತಿಂದಿರಲಿಲ್ಲ; ಮಾರಣ್ಣನೇ ಕರಡಿಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದ.

ಗಾದೆಮ್ಮ ಕೊನೆಯದೊಂದು ಪ್ರಶ್ನೆ ಕೇಳಿದಳು. "ನಿಮ್ಮಜ್ಜಗ ಮೀಸಿ ಇತ್ತೇನವ್ವ?"

"ಅಯ್ಯ, ಸಾಯೋ ಮಟ ಇತ್ತು! ಎರಡು ನಿಂಬಿಹಣ್ಣು ನಿಲ್ಲತಿದ್ದವು."

ಗಾದೆಮ್ಮ ಮೆಟ್ಟಿಲ ಮೇಲೆ ಕೂತಳು. ಮಳೆಯಲ್ಲಿ ದೀಪ ಹತ್ತಲಿಲ್ಲ. ಊರಿಗೆ ಹೋದರೆ ಮೀಸೆ ಹೋಗುತ್ತದೆ. ಮರುಳಪ್ಪ ಒಂದು ಕಡೆ ಹೆಂಡತಿಯನ್ನೂ ಇನ್ನೊಂದು ಕಡೆ ಮೀಸೆಯನ್ನೂ ಇಟ್ಟು ತೂಗಿದ್ದ. ಮೀಸೆ ಭಾರವಾಗಿತ್ತು.

"ಭಾಡ್ಯಾ!" ಎಂದಳು. ಆಮೇಲೆ ತಡೆಯಲಾಗದೆ ನಗು ಬಂತು. ನಗುತ್ತಲೇ ಕೇಳಿದಳು, "ಯಾವಾಗ ಹೋದ?"

"ತೊಂಬತ್ತೊಂದರಾಗ. ನಾನು ಸಾಲ್ಯಾಗ ಆರನೇತ್ತೆ ಇದ್ದೆ."

ನಗು ನಿಂತಿತು. ಅಜ್ಜಿ ಹೋದದ್ದು ಎಂಬತ್ತೊಂಬತ್ತರಲ್ಲಿ. ಗಾದೆಮ್ಮನ ಎರಡನೆಯ ಮಗಳು ಹುಟ್ಟಿದ ವರ್ಷ. ಗಂಡನಿಲ್ಲದವಳ ಹೆಣದ ಹಣೆಗೆ ಕುಂಕುಮ ಇಡಬಾರದು ಎಂದು ಅಂದು ಹೆಂಗಸರು ಅಡ್ಡ ಬಂದಿದ್ದರು. ಇಪ್ಪತ್ತೆರಡರ ಗಾದೆಮ್ಮ ಅವರ ಕೈ ತಳ್ಳಿ ತಾನೇ ಇಟ್ಟಿದ್ದಳು, ಸರಿಯೋ ತಪ್ಪೋ ತಿಳಿಯದೆ.

"ಮುತ್ತೈದಿಯಾಗೇ ಹೋದಳು ನಮ್ಮಜ್ಜಿ," ಎಂದಳು ಪಂಚಾಕ್ಷರಪ್ಪನವರ ಕಡೆ ತಿರುಗಿ. "ಕೇಳಿದ್ರೇನ್ರಿ ಮೇಷ್ಟ್ರೆ? ಊರೆಲ್ಲ ನಕ್ಕಿತ್ತು. ಆಕಿ ಹೇಳಿದ್ದ ಖರೆ ಆತು."

ಶಾಂತಕುಮಾರಿ ಇಬ್ಬರ ಮುಖ ನೋಡಿದಳು, ಗಾದೆಮ್ಮನ ಮೂಗು ನೋಡಿದಳು, ತನ್ನ ಮೂಗು ಮುಟ್ಟಿಕೊಂಡಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಬರ್ರಿ ಅಕ್ಕಾ, ಒಳಗ ಬರ್ರಿ, ಚಾ ಕುಡೀರಿ" ಎಂದಳು.

ಅರಸೀಕೆರೆಯಿಂದ ಬಸ್ಸು ಬದಲಿಸಿ ಬದಲಿಸಿ ಊರಿಗೆ ಬರುವ ದಾರಿಯಲ್ಲಿ ಮೇಷ್ಟ್ರು ಸೋತವರಂತೆ ಕಾಣುತ್ತಿರಲಿಲ್ಲ. ಕಣ್ಣಲ್ಲಿ ಹಬ್ಬವಿತ್ತು.

"ಮಾತು ಅಂದ್ರ ಮಾತು. ನಿಮ್ಮಜ್ಜನ ಹೆಸರು ಮೊದಲು ಕೆತ್ತಿಸ್ತೀನಿ. ಆದ್ರ ಇಳಿದ ಕಥಿ ಕೆತ್ತಸೂದೋ ಬ್ಯಾಡೋ?"

"ಕಲ್ಲು ತಂದದ್ದು ಹತ್ತಿದವರಿಗಂತ. ಇಳಿದವರ ಸುದ್ದಿ ಯಾರು ಕೇಳ್ಯಾರ?"

"ಕೇಳ್ಯಾರಲ್ಲ, ನಾ ಕೇಳೀನಿ" ಎಂದು ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಬಸ್ ಟಿಕೆಟ್ಟಿನ ಹಿಂದೆ ಏನೋ ಬರೆದು ಕೊಟ್ಟರು. ಗಾದೆಮ್ಮ ಓದಿದಳು. ಇನ್ನೊಮ್ಮೆ ಓದಿದಳು. "ನಡೀತೈತಿ" ಎಂದಳು.

ಶುಕ್ರವಾರ ಹುಲುಗೇಶ ಟಿಕೆಟ್ಟನ್ನು ಕಣ್ಣ ಹತ್ತಿರ ಹಿಡಿದು, ಅಕ್ಷರ ಜಾಸ್ತಿಯಾಯಿತೆಂದು ಗೊಣಗಿ, ಕೆತ್ತಿದ. ಗುಡ್ಡದ ಬುಡದಲ್ಲಿ ಆ ಕಲ್ಲು ಇಂದಿಗೂ ನಿಂತಿದೆ:

ಮೊದಲು ಏರಿದವರು: ಮರುಳಪ್ಪ, ಮಾರಣ್ಣ, 1947.
ಮೊದಲು ಏರಿ ಮನೆಗೆ ಬಂದವರು: ಗುರುಬಸಪ್ಪ, 1958.

ಅದೇ ಸಂಜೆ ಗಾದೆಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸಿದಳು. ಪಡಸಾಲೆಯ ಕಂಬಕ್ಕೆ, ಎಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಬುಡದಿಂದ ತುದಿಯವರೆಗೆ ಎರಡು ಕೋಟು ಬಳಿದಳು. ಕಿವಿ ಮಂದದ ಗಂಡ ಗಾಬರಿಯಿಂದ ಎದ್ದು ಕೂತ.

"ಏಯ್, ಅದು ನಿಮ್ಮಜ್ಜಂದಲ್ಲೇನ?"

"ಆತಗ ಇನ್ನೊಂದು ಕಂಬ ಐತಿ," ಎಂದಳು ಗಾದೆಮ್ಮ, ಗಟ್ಟಿಯಾಗಿ, "ಇದು ನಮ್ಮಜ್ಜಿದು."

ಕಂಬ ಒಣಗಿದ ಮೇಲೆ, ಹಣೆಯ ಎತ್ತರಕ್ಕೆ ಸರಿಯಾಗಿ, ಒಂದು ದೊಡ್ಡ ಕುಂಕುಮದ ಬೊಟ್ಟು ಇಟ್ಟಳು.