ಉತ್ತರಕ್ಕೆ ಮುಖ ಮಾಡಿದ ಮನೆಗಾಡಿ

ಇದು ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ, ಹಲಸೂರಿನ ಗಾರೆ ಮೇಸ್ತ್ರಿ ಮುನಿಸ್ವಾಮಪ್ಪ. ನಾನು ಕಾಲೇಜು ಸೇರುತ್ತೇನೆ ಎಂದಾಗಲೂ ಆಗಲ್ಲ ಎಂದವರು ಅವರೇ. ಹಗಲು ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಸಂಜೆ ಕಾಲೇಜು, ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಡುಮ್ಕಿ, ಮೂರನೆಯ ಸಲ ಪಾಸು. ನಮ್ಮ ವಂಶದ ಮೊದಲ ಡಿಗ್ರಿ ಹಾಗೆ ನನ್ನದಾಯಿತು. ಅದಕ್ಕೇ ದೊಡ್ಡಪ್ಪ ಆಗಲ್ಲ ಅಂದರೆ ಅರ್ಧ ಕೆಲಸ ಆದಂತೆ ಎಂದು ನಾನು ಲೆಕ್ಕ ಹಾಕುತ್ತೇನೆ.

ಈ ಸಲ ಅವರು ಆಗಲ್ಲ ಎಂದದ್ದು, ಅಮ್ಮನನ್ನು ಲಡಾಖಿಗೆ ಕರೆದುಕೊಂಡು ಹೋಗುವ ವಿಚಾರಕ್ಕೆ. ಅದೂ ಒಂದು ವ್ಯಾನನ್ನೇ ಮನೆ ಮಾಡಿಕೊಂಡು, ಬೆಂಗಳೂರಿನಿಂದ ರಸ್ತೆಯಲ್ಲೇ.

"ಕೆ.ಆರ್. ಪುರ ಮುಟ್ಟೋಷ್ಟರಲ್ಲಿ ಮೂರು ಸಲ ಬಸ್ಸಿಂದ ಇಳಿಸ್ಬೇಕು ನಿಮ್ಮಮ್ಮನ್ನ. ಕಾಶ್ಮೀರಕ್ಕೆ ಕರ್ಕೊಂಡು ಹೋಗ್ತಾಳಂತೆ ಕಾಶ್ಮೀರಕ್ಕೆ" ಎಂದರು.

"ಕಾಶ್ಮೀರ ಅಲ್ಲ ದೊಡ್ಡಪ್ಪ, ಲಡಾಖು."

"ಯಾವ್ದೋ ಒಂದು. ಆಗಲ್ಲ."

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅಮ್ಮನಿಗೆ ಬಸ್ಸೆಂದರೆ ವಾಂತಿ. ನನ್ನ ಘಟಿಕೋತ್ಸವದ ದಿನ ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಹೊರಟವಳು, ದಾರಿಯಲ್ಲಿ ಎರಡು ಬಸ್ಸು ಹತ್ತಿ ಎರಡರಿಂದಲೂ ಇಳಿದು, "ನೀನು ಹೋಗವ್ವ, ನಾನು ನಡ್ಕೊಂಡು ಮನೆಗೆ ಹೋಗ್ತೀನಿ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ತಿರುಗಿದಳು. ಡಿಗ್ರಿ ಸರ್ಟಿಫಿಕೇಟು ನನ್ನ ಕೈಗೆ ಬಂದಾಗ ಚಪ್ಪಾಳೆ ತಟ್ಟಿದವರೆಲ್ಲ ಬೇರೆಯವರ ಮನೆಯವರು.

ಇಂಥವಳಿಗೆ ಲಡಾಖು ಯಾಕೆ? ಅಪ್ಪ ಇದ್ದಾಗ ಐಸ್ ಫ್ಯಾಕ್ಟರಿಯಿಂದ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ತಳ್ಳುಗಾಡಿಯಲ್ಲಿ ಐಸ್ ಸಾಗಿಸುತ್ತಿದ್ದ. ಗೋಣಿ ಸುತ್ತಿದ ಆ ಗಡ್ಡೆಗಳನ್ನು ಮರದ ಸುತ್ತಿಗೆಯಿಂದ ಒಡೆದು ಅಂಗಡಿ ಅಂಗಡಿಗೆ ಹಂಚುವುದು ಅಮ್ಮನ ಕೆಲಸ. ನನ್ನ ಫೀಸು ಬಂದದ್ದು ಆ ಐಸಿನಿಂದ. ಒಂದು ಸಂಜೆ ಟಿವಿಯಲ್ಲಿ ಹಿಮದ ಬೆಟ್ಟ ತೋರಿಸುತ್ತಿದ್ದಾಗ ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ನೋಡಿದಳು. "ಯಾರೂ ಒಡೀದೆ, ಯಾರೂ ಹೊರದೆ ಬಿದ್ದಿರೋ ಐಸು. ಒಂದ್ಸಲ ಕೈಯಲ್ಲಿ ಹಿಡ್ಕೊಂಡು ನೋಡ್ಬೇಕು ಕಣೆ" ಎಂದಳು. ಅಮ್ಮ ತನಗೆ ಅಂತ ಏನನ್ನಾದರೂ ಕೇಳಿದ್ದು ನಾನು ಅದುವರೆಗೆ ಕೇಳಿರಲಿಲ್ಲ.

ನನ್ನ ಗಂಡ ಮಂಜುನಾಥ ಮಹದೇವಪುರದ ಕಂಪನಿಗಳಿಗೆ ಸಿಬ್ಬಂದಿ ವ್ಯಾನು ಓಡಿಸುತ್ತಿದ್ದ. ಅವನು ಓಡಿ ಹಳತಾದ ಒಂದು ವ್ಯಾನನ್ನು ಮಾಲೀಕರಿಂದ ಕೊಂಡ. ಲಡಾಖಿನ ದಾರಿ ಜೂನ್ ಹೊತ್ತಿಗೆ ತೆರೆಯುತ್ತದೆ ಎಂದು ತಿಳಿದುಕೊಂಡು ನಾನು ಕಚೇರಿಯಲ್ಲಿ ರಜೆ ಕೂಡಿಟ್ಟುಕೊಂಡೆ. ಅಮ್ಮನಿಗೆ ಆಟೋದಲ್ಲಿ ಏನೂ ಆಗುವುದಿಲ್ಲ, ಬಸ್ಸಿನಲ್ಲಿ ಮಾತ್ರ ಎಂಬುದನ್ನು ಗಮನಿಸಿದವನು ಮಂಜುನಾಥನೇ. "ಅತ್ತೆಗೆ ಗಾಳಿ ಬೇಕು, ಎದುರಿಗೆ ರಸ್ತೆ ಕಾಣ್ಬೇಕು. ಅಷ್ಟೇ ಕಾಯಿಲೆ" ಎಂದ.

ವ್ಯಾನು ಮನೆಯಾದದ್ದು ಶಿವಾಜಿನಗರದ ರಫೀಕ್ ಭಾಯ್ ಶೆಡ್ಡಿನಲ್ಲಿ. ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಒಂದು ಮಂಚ, ನೀರಿನ ಡ್ರಮ್ಮು, ಪಾತ್ರೆಗೆ ಕಪಾಟು ಮಾಡಿದರು. ಮುಂದಿನ ಎಡಗಡೆ ಸೀಟು ಅಮ್ಮನದು. ಅಲ್ಲಿಯ ಕಿಟಕಿ ಪೂರ್ತಿ ತೆರೆಯುವಂತೆ ಹೊಸ ಚೌಕಟ್ಟು ಹಾಕಿದರು. ಉಳಿದದ್ದು ಗ್ಯಾಸ್ ಒಲೆಯ ಜಾಗ. ಅದನ್ನು ಗೊತ್ತುಮಾಡುವ ದಿನ ದೊಡ್ಡಪ್ಪ ನೋಡಲು ಬಂದರು. ನಂಬಿಕೆಯಿಂದಲ್ಲ, ಮೇಸ್ತ್ರಿಗೆ ಎಲ್ಲಿ ಕಟ್ಟುವ ಸದ್ದು ಕೇಳಿದರೂ ಸುಮ್ಮನಿರಲಾಗುವುದಿಲ್ಲ. ಜೇಬಿನಲ್ಲಿ ಮಟ್ಟಸ ನೋಡುವ ರಸಮಟ್ಟ ಬೇರೆ. ಇಂದಿರಾನಗರದಲ್ಲಿ ಅವರು ಕಟ್ಟಿದ ಯಾವ ಮನೆಯಲ್ಲೂ ಒಲೆ ಆಗ್ನೇಯ ಮೂಲೆ ಬಿಟ್ಟು ಕದಲಿಲ್ಲ.

"ಒಲೆ ಅಲ್ಲಿ ಬರ್ಬೇಕು" ಎಂದು ಬಲಗಡೆಯ ಹಿಂದಿನ ಮೂಲೆ ತೋರಿಸಿದರು.

ರಫೀಕ್ ಭಾಯ್ ತಲೆ ಕೆರೆದುಕೊಂಡರು. "ಮೇಸ್ತ್ರಿ ಸಾಬ್, ಗಾಡಿಗೆ ಯಾವ ದಿಕ್ಕು? ಅದು ತಿರುಗ್ತಾನೇ ಇರ್ತದೆ."

"ಇವ್ರು ಹೋಗ್ತಿರೋದು ಯಾವ ಕಡೆಗೆ? ಉತ್ತರಕ್ಕೆ ತಾನೆ? ಗಾಡಿ ಮುಖ ಉತ್ತರಕ್ಕಿದ್ರೆ ಇದು ಆಗ್ನೇಯ. ಹೋಗೋ ತನಕ ಆಗ್ನೇಯಾನೇ."

"ಬರೋವಾಗ?"

"ಮೊದ್ಲು ಹೋಗ್ಲಿ ಬಿಡಯ್ಯ."

ಒಲೆ ಅಲ್ಲೇ ಕೂತಿತು. ನಾನು ಡಿಗ್ರಿ ಮಾಡಿದವಳು, ಬರುವಾಗಿನ ಮಾತನ್ನು ಅಲ್ಲೇ ಹಿಡಿಯಬೇಕಿತ್ತು. ಹೊರಡುವುದೇ ತಲೆಯಲ್ಲಿದ್ದುದರಿಂದ ಬಿಟ್ಟೆ.

ಆಮೇಲೆ ಅಮ್ಮನ ತಾಲೀಮು. ಮೊದಲ ಭಾನುವಾರ ಹಲಸೂರು ಕೆರೆ ಸುತ್ತಿದೆವು. ಅಮ್ಮ ಕೈ ಎತ್ತಿದರೆ ಗಾಡಿ ನಿಲ್ಲಬೇಕು, ಯಾಕೆ ಎಂದು ಕೇಳಕೂಡದು ಎಂಬುದು ನಿಯಮ. ಎರಡನೆಯ ವಾರ ಕೆ.ಆರ್. ಪುರದ ತೂಗುಸೇತುವೆ, ಆಮೇಲೆ ಹೊಸಕೋಟೆ, ಆಮೇಲೆ ಕೋಲಾರ. ಹೊಸಕೋಟೆಯಲ್ಲಿ ಕೈ ಎತ್ತಿದಳು. ಗಾಬರಿಯಿಂದ ನಿಲ್ಲಿಸಿದರೆ, "ಅಲ್ಲಿ ಒಳ್ಳೆ ಬದನೆಕಾಯಿ ಐತೆ" ಎಂದಳು. ಅವತ್ತು ನಮಗೆ ಧೈರ್ಯ ಬಂತು.

ಹೊರಡುವ ಬೆಳಿಗ್ಗೆ ನಡೆದದ್ದು ಗಾಡಿ ಪೂಜೆಯೋ ಗೃಹಪ್ರವೇಶವೋ ಎಂದು ಯಾರಿಗೂ ತೀರ್ಮಾನವಾಗಲಿಲ್ಲ, ಎರಡನ್ನೂ ಮಾಡಿದೆವು. ಚಕ್ರದ ಕೆಳಗೆ ನಿಂಬೆಹಣ್ಣು, ಒಳಗೆ ಹೊಸ ಪಾತ್ರೆಯಲ್ಲಿ ಹಾಲು. ಹಾಲು ಪೂರ್ವಕ್ಕೇ ಉಕ್ಕಿತು. ದೊಡ್ಡಪ್ಪ ಅದನ್ನು ಬಗ್ಗಿ ನೋಡಿ, "ರಸ್ತೆ ಆ ಕಡೆ ಇಳಿಜಾರೈತೆ" ಎಂದು ಹೇಳಿ, ಅಮ್ಮನ ಕೈಗೆ ಎರಡು ನಿಂಬೆಹಣ್ಣು ಕೊಟ್ಟರು. "ಇಟ್ಕೋ ಮುನಿಯಮ್ಮ. ಅನಂತಪುರದಿಂದ ವಾಪಸ್ ಬರೋವಾಗ ಬೇಕಾಗ್ತದೆ."

ಅನಂತಪುರ ದಾಟಿತು. ಕರ್ನೂಲು ದಾಟಿತು. ಹೈದರಾಬಾದಿನ ಹೊರಗೆ ಮೊದಲ ರಾತ್ರಿ. ಹೆದ್ದಾರಿಯ ದಾಬಾಗಳಲ್ಲಿ ಊಟ ಮಾಡಿದರೆ ಗಾಡಿ ನಿಲ್ಲಿಸಲು ಬಾಡಿಗೆ ಇಲ್ಲ, ನೀರೂ ಪುಕ್ಕಟೆ. ರೊಟ್ಟಿ ಬಿಸಿಯಾಗಿರುತ್ತಿತ್ತು, ಅಮ್ಮನಿಗೆ ಮಾತ್ರ ನಮ್ಮ ಒಲೆಯ ಅನ್ನ ಸಾರೇ ಬೇಕು. ನಾಗಪುರದಲ್ಲಿ ಬಿಸಿಲು ಎಂಥದ್ದೆಂದರೆ ಕಬ್ಬಿಣದ ಬಾಗಿಲನ್ನು ಟವೆಲ್ ಸುತ್ತಿಕೊಂಡು ತೆರೆಯುತ್ತಿದ್ದೆವು. ಮಧ್ಯಪ್ರದೇಶದ ರಸ್ತೆಯನ್ನು ರಸ್ತೆ ಎನ್ನಲು ಮನಸ್ಸು ಬರಲಿಲ್ಲ. ಅಲ್ಲಿ ಅಮ್ಮ ಒಂದೇ ದಿನ ಐದಾರು ಸಲ ಕೈ ಎತ್ತಿದಳು. ಪ್ರತಿ ಸಲವೂ ಇಳಿದು, ಮರದ ಕೆಳಗೆ ಕೂತು, ನಿಂಬೆಹಣ್ಣು ಮೂಸಿ, "ನಡೀರಿ" ಎನ್ನುತ್ತಿದ್ದಳು. ಝಾನ್ಸಿ ಹತ್ತಿರ ಎಸ್‌ಟಿಡಿ ಬೂತಿನಿಂದ ದೊಡ್ಡಪ್ಪನಿಗೆ ಫೋನು ಮಾಡಿದೆ.

"ಎಲ್ಲಿದ್ದೀರ? ವಾಪಸ್ ಹೊರಟ್ರಾ?"

"ಇಲ್ಲ ದೊಡ್ಡಪ್ಪ, ನಾಳೆ ಆಗ್ರಾ."

"ಒಲೆ ಸರಿಯಾಗಿ ಉರೀತಿದ್ಯಾ?" ಎಂದು ಕೇಳಿ ಇಟ್ಟುಬಿಟ್ಟರು.

ದೆಹಲಿ, ಚಂಡೀಗಢ, ಮನಾಲಿ. ಮನಾಲಿಯಿಂದ ಮೇಲಕ್ಕೆ ರಸ್ತೆ ಬೆಟ್ಟಕ್ಕೆ ಹಗ್ಗ ಸುತ್ತಿದಂತೆ ಹೋಗುತ್ತದೆ. ಅಮ್ಮನ ಬಗ್ಗೆ ನಮಗಿದ್ದ ಭಯವೆಲ್ಲ ಅಲ್ಲಿಯದೇ. ಆದರೆ ಕೈ ಎತ್ತಿದವಳು ನಾನು. ತಲೆ ಒಡೆದುಹೋಗುವಂತೆ ನೋವು, ಹೊಟ್ಟೆಯಲ್ಲಿ ಏನೂ ನಿಲ್ಲದು. ಅಮ್ಮ ನನ್ನ ಬೆನ್ನು ನೀವುತ್ತ, "ಆಗ್ತದೆ, ಆಗ್ತದೆ. ದೂರ ನೋಡು, ಕೆಳಗೆ ನೋಡ್ಬೇಡ" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಕನಿಕರದ ಜೊತೆಗೆ ಸ್ವಲ್ಪ ಖುಷಿಯೂ ಇತ್ತು. ಇಷ್ಟು ವರ್ಷ ಒಬ್ಬಳೇ ಅನುಭವಿಸಿದ್ದಕ್ಕೆ ಜೊತೆ ಸಿಕ್ಕ ಖುಷಿ. ಮಂಜುನಾಥ ಒಂದು ದಿನ ಪೂರ್ತಿ ಅಲ್ಲೇ ಗಾಡಿ ನಿಲ್ಲಿಸಿದ ಮೇಲೆ ನನಗೆ ವಾಸಿಯಾಯಿತು.

ಬಾರಾಲಾಚಾ ಎಂಬ ಕಣಿವೆದಾರಿಯಲ್ಲಿ ರಸ್ತೆಯ ಎರಡೂ ಕಡೆ ಹಿಮದ ಗೋಡೆ. ಅಮ್ಮ ಕೈ ಎತ್ತಿದಳು. ಇಳಿದು, ಚಪ್ಪಲಿ ಸರಿಮಾಡಿಕೊಂಡು, ಗೋಡೆಯಿಂದ ಒಂದು ಹಿಡಿ ತೆಗೆದಳು. ಮೀನಂಗಡಿಗೆ ಐಸ್ ಅಳೆಯುತ್ತಿದ್ದ ಅಭ್ಯಾಸದಿಂದ ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ ತೂಗಿ ನೋಡಿದಳು.

"ಹಗುರ" ಎಂದಳು. ಆಮೇಲೆ ಬೆಟ್ಟದ ತುದಿಯವರೆಗೂ ನೋಡಿದಳು. "ಇಷ್ಟೊಂದು ಸುಮ್ನೆ ಬಿದ್ದೈತೆ. ನಿಮ್ಮಪ್ಪ ನೋಡಿದ್ದಿದ್ರೆ ತಳ್ಳೋಗಾಡಿ ತಂದುಬಿಡ್ತಿದ್ದ."

ಮೂವರೂ ನಕ್ಕೆವು. ಹಿಮ ಕರಗಿ ನೀರು ಮೊಣಕೈವರೆಗೆ ಇಳಿದರೂ ಅವಳು ಕೈ ಕೊಡವಲಿಲ್ಲ.

ಅವತ್ತು ಸಂಜೆ ಅನ್ನ ಬೇಯಲಿಲ್ಲ. ನೀರು ಕೊತಕೊತ ಕುದಿಯುತ್ತಿದೆ, ಅಕ್ಕಿ ಹಾಗೆಯೇ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ, ಬಿಸಿ ಸಾಲದು ಎಂದು ನಾನು ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಇರ್ಬೋದು. ಆದ್ರೂ ಗಾಡಿ ಒಂಚೂರು ವಾರೆ ನಿಂತೈತೆ. ಉತ್ತರಕ್ಕೆ ನೆಟ್ಟಗೆ ಮಾಡ್ಸು." ಮಂಜುನಾಥ ಆ ಚಳಿಯಲ್ಲಿ ಹೊರಗೆ ಇಳಿದು ಕಲ್ಲು ಸರಿಸಿ ಗಾಡಿ ನೆಟ್ಟಗೆ ಮಾಡಿದ. ಅನ್ನ ಆಗಲೂ ಬೇಯಲಿಲ್ಲ. ಕೊನೆಗೆ ಕುಕ್ಕರಿನಲ್ಲಿ ಆರೇಳು ಸೀಟಿ ಹೊಡೆಸಿ ತಿಂದೆವು.

ಲೇ ಪಟ್ಟಣದಲ್ಲಿ ಎರಡು ದಿನ ಸುಧಾರಿಸಿಕೊಂಡು ಖಾರ್ದುಂಗ್ ಲಾ ಎಂಬ ಇನ್ನೂ ಎತ್ತರದ ಕಣಿವೆದಾರಿ ಹತ್ತಿದೆವು. ಅದರಾಚೆ ಹೋಗುವುದು ನಮ್ಮ ಯೋಜನೆಯಲ್ಲಿರಲಿಲ್ಲ. ಮೇಲೆ ಸೈನಿಕರ ಚಹಾದಂಗಡಿ. ಅಲ್ಲಿಗೆ ಬಂದವರ ಹೆಸರು ಬರೆದು ಒಂದು ಸರ್ಟಿಫಿಕೇಟು ಕೊಡುತ್ತಿದ್ದರು. ನಮ್ಮ ಗಾಡಿಯ ಕೆಎ ನಂಬರು ನೋಡಿ ಒಬ್ಬ ಸೈನಿಕ ಓಡಿ ಬಂದ. ಗೋಕಾಕದ ಕಡೆಯವನು.

"ಬೆಂಗಳೂರಿಂದ ಇದ್ರಾಗ ಬಂದೀರೇನ್ರಿ? ಅಮ್ಮಾರನ್ನೂ ಕರ್ಕೊಂಡು?"

"ನಾನು ಕರ್ಕೊಂಡು ಬಂದೆ ಕಣಪ್ಪ. ಇವಳಿಗೆ ದಾರಿಯಲ್ಲೆಲ್ಲ ವಾಂತಿ" ಎಂದಳು ಅಮ್ಮ.

ಆ ಸೈನಿಕ ನಗುತ್ತ ಪೆನ್ನು ತೆಗೆದ. "ಹೆಸರು ಹೇಳ್ರಿ ಅಮ್ಮಾರ."

"ನಂದಾ? ಮುನಿಯಮ್ಮ." ಗಂಡನ ಹೆಸರು, ಅಡ್ರೆಸ್ಸು ಕೇಳುತ್ತಾನೆ ಎಂದು ಕಾದಳು. ಅವನು ಏನೂ ಕೇಳಲಿಲ್ಲ. ಬರೆದು, ಸಹಿ ಹಾಕಿ, ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ನನ್ನದನ್ನು ಕೊಟ್ಟಾಗ ಅವಳಿಗೆ ಬರಲಾಗಿರಲಿಲ್ಲ. ಅವಳದನ್ನು ಕೊಟ್ಟಾಗ ನಾನು ಪಕ್ಕದಲ್ಲೇ ಇದ್ದೆ, ಜೋರಾಗಿ ಚಪ್ಪಾಳೆ ತಟ್ಟಿದೆ. ಅಷ್ಟಕ್ಕೇ ಏದುಸಿರು ಬಂತು.

ಬರುವಾಗಿನ ಪ್ರಶ್ನೆ ಎದುರಾದದ್ದು ಆಮೇಲೆ. ದಕ್ಷಿಣಕ್ಕೆ ಮುಖ ಮಾಡಿದರೆ ನಮ್ಮ ಒಲೆ ವಾಯುವ್ಯಕ್ಕೆ ಹೋಗುತ್ತದೆ. ಅಮ್ಮ ಒಲೆ ಹಚ್ಚಲು ಒಪ್ಪಲಿಲ್ಲ. "ಭಾವ ಹೇಳವ್ರೆ, ಒಲೆ ಆಗ್ನೇಯಕ್ಕಿರ್ಬೇಕು. ಇಲ್ಲೀವರೆಗೂ ಏನೂ ಆಗಿಲ್ಲ ತಾನೆ?" ಅಲ್ಲಿಂದ ಬೆಂಗಳೂರಿನವರೆಗೆ, ಎಲ್ಲಿ ಅಡುಗೆ ಮಾಡಿದರೂ, ಮಂಜುನಾಥ ಮೊದಲು ಗಾಡಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಬೇಕಾಯಿತು. ದಾಬಾದ ಲಾರಿ ಡ್ರೈವರುಗಳು ಬಂದು ಬಂದು, ದಕ್ಷಿಣಕ್ಕೆ ಹೋಗುವ ದಾರಿ ಆ ಕಡೆ ಎಂದು ಹಿಂದಿಯಲ್ಲಿ ತಿಳಿಹೇಳಿ ಹೋಗುತ್ತಿದ್ದರು.

ಝಾನ್ಸಿ ದಾಟಿದ ಮೇಲೆ ಒಂದು ಬೆಳಿಗ್ಗೆ, ಮಂಜುನಾಥ ನಿದ್ದೆಗಣ್ಣಲ್ಲಿ ಗಾಡಿ ಮುಖ ಮಾಡಿದ್ದ ಕಡೆಗೇ ಹೊರಟುಬಿಟ್ಟ. ನಾನು ಹಿಂದೆ ಮಂಚದ ಮೇಲೆ ಮಲಗಿದ್ದೆ. ಸುಮಾರು ಒಂದು ಗಂಟೆ ಓಡಿದ ಮೇಲೆ ಅಮ್ಮ ಕೈ ಎತ್ತಿದಳು.

"ವಾಂತಿನಾ ಅತ್ತೆ?"

"ಇಲ್ಲ ಅಳಿಯಂದ್ರೆ. ನಿನ್ನೆ ಬೆಳಿಗ್ಗೆ ಬಿಸಿಲು ನನ್ನ ಕೆನ್ನೆ ಸುಡ್ತಿತ್ತು. ಇವತ್ತು ನಿಮ್ಮ ಮೇಲೆ ಬೀಳ್ತಾ ಐತೆ."

ಅವನು ಗಾಡಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟ. ದೊಡ್ಡಪ್ಪನ ಬಗ್ಗೆ ಅವನು ಆಗ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಮಾತ್ರ, "ಬಿಡಿ, ಇನ್ನೊಂದ್ಸಲ ಉತ್ತರಕ್ಕೆ ಬಂದಂಗಾಯ್ತು" ಎಂದು ನಿಂಬೆಹಣ್ಣು ಮುಂದಕ್ಕೆ ಚಾಚಿದಳು.

ಹಲಸೂರಿಗೆ ಬಂದಾಗ ಸಂಜೆಯ ದೀಪ ಹಚ್ಚುವ ಹೊತ್ತು. ಮಂಜುನಾಥ ಯಾರೂ ಹೇಳದೆಯೇ ಬೀದಿಯ ತುದಿಯವರೆಗೆ ಹೋಗಿ, ಗಾಡಿ ತಿರುಗಿಸಿ, ಮನೆ ಮುಂದೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಎದ್ದು ಬಂದರು.

"ಯಾಕೆ, ಮತ್ತೆ ಹೊರಟ್ರಾ?"

ಕಾರಣ ಹೇಳಿದೆ. ಬರುವ ದಾರಿಯುದ್ದಕ್ಕೂ ಗಾಡಿ ತಿರುಗಿಸಿದ್ದು, ಝಾನ್ಸಿಯ ಬೆಳಗು, ಎಲ್ಲ. ಅವರು ನಗಲಿಲ್ಲ. ಗಾಡಿ ಹತ್ತಿ ಒಲೆಯ ಮೂಲೆಯನ್ನು ನೋಡಿದರು, ಜೇಬಿನಿಂದ ರಸಮಟ್ಟ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟರು. ಅಷ್ಟು ಕುಲುಕಾಡಿದರೂ ಕಟ್ಟೆ ಕದಲಿರಲಿಲ್ಲ.

ಇಳಿದು ಬಂದಾಗ ಅಮ್ಮ ಅವರ ಕೈಗೆ ಸರ್ಟಿಫಿಕೇಟು ಕೊಟ್ಟಳು. ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು. ನಾನು ಬೆರಳಿಟ್ಟು ಓದಿದೆ. ಮುನಿಯಮ್ಮ ಎಂಬ ಹೆಸರು ಬಂದಲ್ಲಿ ನನ್ನ ಬೆರಳು ಸರಿಸಿ ತಾವೇ ಒಂದು ಸಲ ಸವರಿದರು. ಆಮೇಲೆ ಅದನ್ನು ಅಮ್ಮನ ಕೈಗೇ ವಾಪಸು ಕೊಟ್ಟು, ನನ್ನ ಕಡೆ ತಿರುಗಿದರು.

"ಮುಂದಿನ ಸಲಕ್ಕೆ ರಫೀಕನ ಹತ್ರ ಹೇಳಿ ಒಲೇನ ತಿರುಗೋ ಹಂಗೆ ಮಾಡ್ಸಮ್ಮ. ಊಟಕ್ಕೆ ಮುಂಚೆ ದಿನಾ ಹಂಗೆ ಗಾಡಿ ತಿರುಗಿಸ್ಕೊಂಡು ಕೂತ್ರೆ, ನಂಗೆ ಹಸಿವು ತಡಿಯಕ್ಕಾಗಲ್ಲ."