ಪಾಸ್ ಆದ ಮೇಲ್

ಆ ದಿನ ಮಾಡಿದ್ದು ಇಷ್ಟು: ಹಾಲು ಕಾಯಿಸಿದೆ. ಬೀನ್ಸ್ ನಾರು ತೆಗೆದು ಹೆಚ್ಚಿದೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಗ್ಯಾಸ್ ಬುಕ್ ಮಾಡಿದೆ. ಮುಂಬಯಿಯ ವಡಾಲದಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು, ಅಂಧೇರಿಯಲ್ಲಿ ಬದಲಾಯಿಸಿ, ನಿಂತೇ ಮಲಾಡ್ ಮುಟ್ಟಿದೆ. ಆಫೀಸಿನಲ್ಲಿ, ರಜೆ ಮಂಜೂರಾಯಿತೆಂದು ತಿಳಿಸುವ ಇ-ಮೇಲ್‌ನಲ್ಲಿ ತಾರೀಖು ಎರಡು ಸಲ ಬರುತ್ತಿತ್ತು, ಸರಿಮಾಡಿದೆ. ಸಂಜೆ ಸ್ಟೇಷನ್ ಹೊರಗೆ ಕೊತ್ತಂಬರಿ ಕೊಂಡೆ.

ಮಧ್ಯಾಹ್ನದ ಊಟ ಇದರಲ್ಲಿ ಇಲ್ಲ. ಅಂದು ಊಟ ಆಗಲಿಲ್ಲ.

ಕಂಪನಿಗಳು ತಮ್ಮ ನೌಕರರ ರಜೆ, ಸಂಬಳದ ಚೀಟಿ, ಸೇರ್ಪಡೆ, ಬಿಡುಗಡೆ ಎಲ್ಲ ನೋಡಿಕೊಳ್ಳಲು ಬಳಸುವ ಒಂದು ವೆಬ್ ಅಪ್ಲಿಕೇಶನ್ ನಮ್ಮ ಆಫೀಸಿನದು. ನಮ್ಮ ಆಫೀಸೂ ಅದನ್ನೇ ಬಳಸುತ್ತದೆ. ಅದರಿಂದ ಹೊರಡುವ ಮೇಲ್‌ಗಳನ್ನು ಕಟ್ಟುವುದು ನನ್ನ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಬರೆಯುವುದಲ್ಲ. ಒಂದೇ ಅಚ್ಚು ಬರೆದು, ಹೆಸರಿನ ಜಾಗ ಖಾಲಿ ಬಿಡುತ್ತೇನೆ. ಹೊರಡುವ ಹೊತ್ತಿಗೆ ಪ್ರೋಗ್ರಾಮು ಅದನ್ನು ತಾನೇ ತುಂಬುತ್ತದೆ. ನನ್ನ ಲ್ಯಾಪ್‌ಟಾಪಿನಿಂದ ಯಾವ ಮೇಲೂ ಆಚೆ ಹೋಗುವುದಿಲ್ಲ. ಬ್ರೌಸರಿನಲ್ಲಿ ತೆರೆದು, ಹೋಗಿದ್ದರೆ ಹೀಗೆ ಕಾಣುತ್ತಿತ್ತು ಎಂದು ತೋರಿಸುತ್ತದೆ, ಅಷ್ಟೆ. ಆಮೇಲೆ ಯಾರಿಗೆ ಹೋಗಬೇಕು, ಶೀರ್ಷಿಕೆ ಏನು, ಹೆಸರು ಬಂತೇ ಎಂದು ಕೇಳುವ ಸಣ್ಣ ಸಣ್ಣ ಟೆಸ್ಟ್‌ಗಳನ್ನು ಬರೆಯುತ್ತೇನೆ. ಎಲ್ಲ ಪಾಸಾಗಿ ಹಸಿರಾದರೆ ತಾಲೀಮಿನ ಸರ್ವರಿಗೆ ಹಾಕುತ್ತೇನೆ. ಅಲ್ಲಿಂದ ಮೇಲ್ ನಿಜವಾಗಿ ಹೊರಡುತ್ತದೆ, ಆದರೆ ಇಬ್ಬರಿಗೆ ಮಾತ್ರ: ನನಗೆ, ಮತ್ತು ತಪ್ಪು ಹುಡುಕುವ ಪಕ್ಕದ ಸೀಟಿನ ಟೆಸ್ಟರ್‌ಗೆ.

ಪಕ್ಕದ ಸೀಟಿನವಳು ವಿಜಯಪುರದ ಕಡೆಯವಳು, ನನಗಿಂತ ಹತ್ತಾರು ವರ್ಷ ಚಿಕ್ಕವಳು. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ, ಉಳಿದವರ ಹತ್ತಿರ ಹಿಂದಿ. ಗಂಡ ಎಸಿ ರಿಪೇರಿ ಮಾಡುತ್ತಾನೆ; ಬೇಸಿಗೆ ಮುಗಿದರೆ ಅವನ ಫೋನ್ ಸುಮ್ಮನಾಗುತ್ತದೆ. ಆಗ ಮನೆ ನಡೆಯುವುದು ಅವಳ ಸಂಬಳದಲ್ಲಿ. ನಮ್ಮಲ್ಲೊಂದು ರೂಢಿ ಇತ್ತು. ಬೆಳಿಗ್ಗೆ ಬಂದ ಕೂಡಲೇ ಡಬ್ಬಿ ಬದಲಾಯಿಸಿಕೊಳ್ಳುವುದು. ಅವಳ ಜೋಳದ ರೊಟ್ಟಿ ನನಗೆ, ನನ್ನ ಅನ್ನ ಹುಳಿ ಅವಳಿಗೆ. ಒಳಗೆ ಏನಿದೆ ಎಂದು ಊಟದ ತನಕ ಕೇಳುವಂತಿಲ್ಲ.

ಹಿಂದಿನ ತಿಂಗಳು ಮ್ಯಾನೇಜರ್ ಬಂದು, ಬೇರೆ ಕಂಪನಿಯವರೊಬ್ಬರಿಗೆ ಬೇಕಂತೆ, ಕೆಲಸದಿಂದ ತೆಗೆದವರಿಗೆ ಹೋಗುವ ಮೇಲ್ ಮಾಡಿ ಎಂದಿದ್ದರು. ಆಫೀಸಿನಲ್ಲಿ ಜನ ಕಡಿಮೆ ಮಾಡುತ್ತಾರೆ ಎಂಬ ಗುಸುಗುಸು ಆಗಲೇ ಇತ್ತು. ಅವಳು ಅದರ ಮಾತು ಎತ್ತುತ್ತಿರಲಿಲ್ಲ; ಸಂಜೆ ಎಲ್ಲರಿಗಿಂತ ತಡವಾಗಿ ಏಳುತ್ತಿದ್ದಳು. ನಾನು ಮೇಲ್ ಕಟ್ಟಿದೆ. ಮಾದರಿ ಹೆಸರಿಗೆ ನಾವು ಯಾವಾಗಲೂ ಹಾಕುವ ಟೆಸ್ಟ್ ಟೆಸ್ಟ್ ಎಂಬುದನ್ನೇ ಹಾಕಿದೆ. "ಪ್ರಿಯ ಟೆಸ್ಟ್ ಟೆಸ್ಟ್, ನಿಮ್ಮ ಸೇವೆ ಇಂದಿಗೆ ಮುಕ್ತಾಯವಾಗಿದೆ." ಇಂಗ್ಲಿಷಿನಲ್ಲಿ, ನಯವಾಗಿ. ನನ್ನ ಟೆಸ್ಟ್‌ಗಳೆಲ್ಲ ಪಾಸಾದವು. ತಾಲೀಮಿನ ಸರ್ವರಿನಿಂದ ಅವಳಿಗೆ ಕಳಿಸಿದಾಗ ಮಾತ್ರ ಹೆಸರಿನ ಜಾಗ ಖಾಲಿ ಬರುತ್ತಿತ್ತು. ಪ್ರಿಯ, ಅಲ್ಪವಿರಾಮ, ಅಷ್ಟೆ.

ಅವಳು ಬಿಡುವವಳಲ್ಲ. ಕಳಿಸಿದ್ದಕ್ಕೆಲ್ಲ ಫೇಲ್ ಎಂದೇ ಉತ್ತರ ಬರೆದಳು. ಮೇಲ್‌ನಲ್ಲಿ ಒತ್ತುವ ಬಟನ್ ಇಷ್ಟು ಕೆಂಪು ಏಕೆ, ಬಸ್ ನಿಲ್ಲಿಸುವ ಹಾಗಿದೆ ಎಂದಳು. ಬಣ್ಣ ಬದಲಾಯಿಸಿದೆ. ಕೊನೆಯಲ್ಲಿ, ಇದಕ್ಕೆ ಉತ್ತರ ಕೊಡಬೇಡಿ ಎಂಬ ಸಾಲಿತ್ತು. ಎಲ್ಲ ಮೇಲ್‌ಗಳಿಗೂ ಅದು ತಾನಾಗಿ ಅಂಟಿಕೊಳ್ಳುತ್ತದೆ. ಅದನ್ನು ನೋಡಿ ಕುರ್ಚಿ ನನ್ನ ಕಡೆ ತಿರುಗಿಸಿದಳು.

"ಅಲ್ರೀ ಅಕ್ಕಾ, ನೌಕರೀನೂ ಕಸಗೊಂಡು ಬಾಯೀನೂ ಮುಚ್ಚಸೋದೇನ್ರಿ? ಬೈಲಿಕ್ಕರ ಒಂದು ಅಡ್ರೆಸ್ ಕೊಡ್ರಿ."

ಅದೂ ಸರಿ ಎನಿಸಿತು. ಆ ಸಾಲು ತೆಗೆದು, ಯಾರಾದರೂ ಉತ್ತರಿಸಿದರೆ ಅದು ಕಂಪನಿಯ ಎಚ್.ಆರ್.ಗೆ ಹೋಗುವಂತೆ ಮಾಡಿದೆ. ಖಾಲಿ ಹೆಸರಿನ ತೊಂದರೆಯೂ ಸಿಕ್ಕಿತು, ಸರಿಮಾಡಿ ಮ್ಯಾನೇಜರಿಗೆ ಒಪ್ಪಿಸಿದೆ. ಅವಳಿಗೆ ಇನ್ನೊಂದು ಸಲ ಕಳಿಸುವುದು ಬಾಕಿ ಉಳಿದಿತ್ತು. ಕಳಿಸೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ.

ಆ ದಿನ ಊಟಕ್ಕೆ ಏಳುವ ಸ್ವಲ್ಪ ಮುಂಚೆ ಅವಳು ಪರದೆ ನೋಡುತ್ತಲೇ ಹೇಳಿದಳು.

"ಹೆಸರು ಬರೋಬ್ಬರಿ ಬಂದದ ನೋಡ್ರಿ ಅಕ್ಕಾ. ಪಾಸ್ ಅಂತ ಉತ್ತರ ಕಳಿಸೀನಿ."

ನಾನು ರಜೆಯ ಮೇಲ್‌ನ ತಾರೀಖಿನಲ್ಲಿದ್ದೆ. ಯಾವುದು ಎಂದು ಕೇಳಿದೆ.

"ಅದೇರಿ, ಮನಿಗೆ ಕಳಸೋದು."

ನಾನು ಕಳಿಸಿಲ್ಲವಲ್ಲ ಎಂದೆ. ಕಳಿಸಿಲ್ಲ ಎಂದು ಹೇಳಬಾರದಿತ್ತೋ ಏನೋ, ಬಾಯಿಂದ ಬಂದುಬಿಟ್ಟಿತ್ತು. ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ನಾನೂ ಬಗ್ಗಿ ನೋಡಿದೆ. ತಾಲೀಮಿನ ಸರ್ವರಿನ ಮೇಲ್‌ಗಳಿಗೆ ಶೀರ್ಷಿಕೆಯ ಮುಂದೆ ಟೆಸ್ಟ್ ಎಂದಿರುತ್ತದೆ. ಇದಕ್ಕೆ ಇರಲಿಲ್ಲ. ಪ್ರಿಯ ಎಂಬುದರ ಮುಂದೆ ಅವಳ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಬಟನ್ ನಾನು ಹಾಕಿದ ತಿಳಿನೀಲಿ. ಉತ್ತರ ಕೊಡಬೇಡಿ ಎಂಬ ಸಾಲು ಇರಲಿಲ್ಲ. ಕೆಳಗೆ ಅವಳು ಬರೆದ ಉತ್ತರ: ಪಾಸ್.

ಆ ಕಡೆ ಸಾಲಿನಲ್ಲಿ ಇನ್ನೂ ಇಬ್ಬರು ಎದ್ದು ನಿಂತಿದ್ದು ಕಂಡಿತು. ಅವಳು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿದಳು. ತುಟಿ ಅಲುಗಾಡುತ್ತಿತ್ತು.

"ನಿಮಗ ಬಂದದೇನ್ರಿ?" ಎಂದಳು.

ನೋಡಿದೆ. ಬಂದಿರಲಿಲ್ಲ. ಇಲ್ಲ ಎಂದೆ.

"ಚಲೋ ಆತು," ಎಂದಳು. ಪರದೆಗೆ ಬೆರಳು ತೋರಿಸಿ, "ಪಾಸ್ ಅಂತ ಬರದು ಕೊಟ್ಟೀನಲ್ರೀ. ನನ್ನ ಕೈಯಾರ."

ಅಷ್ಟರಲ್ಲಿ ಎಚ್.ಆರ್. ಹುಡುಗಿ ಬಂದು ಹಿಂದಿಯಲ್ಲಿ, ಮೆಲ್ಲಗೆ, ಲ್ಯಾಪ್‌ಟಾಪ್ ಮತ್ತು ಕಾರ್ಡು ಕೇಳಿದಳು. ಪಾಸ್ ಎಂದು ಯಾಕೆ ಬರೆದಿದ್ದೀರಿ, ಒಪ್ಪಿಗೆ ಅಂತಲೇ ಎಂದೂ ಕೇಳಿದಳು. ನನ್ನ ಪಕ್ಕದವಳು ನನ್ನ ಮುಖ ನೋಡಿದಳು. ಹೇಳಿದರೆ ಉದ್ದವಾಗುತ್ತದೆ. ಹಾಂ ಎಂದಳು. ನೀರಿನ ಬಾಟಲಿ, ಚಾರ್ಜರ್, ನನ್ನ ಡಬ್ಬಿ ಇದ್ದ ಚೀಲ ಎತ್ತಿಕೊಂಡಳು. ಲಿಫ್ಟ್ ತನಕ ಜೊತೆಗೆ ಹೋದೆ. ಲಿಫ್ಟ್ ಬಂತು, ಹೋದಳು. ಡಬ್ಬಿಗಳು ಅದಲುಬದಲಾಗಿಯೇ ಉಳಿದವೆಂದು ಸೀಟಿಗೆ ಬಂದ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಟೆಸ್ಟ್‌ಗಳನ್ನೆಲ್ಲ ಓಡಿಸಿದೆ. ಎಲ್ಲ ಹಸಿರು. ತಾಲೀಮಿನ ಸರ್ವರಿನ ಪಟ್ಟಿಯಿಂದ ಅವಳ ವಿಳಾಸ ತೆಗೆಯಲು ಮ್ಯಾನೇಜರ್ ಹೇಳಿಕಳಿಸಿದರು. ತೆಗೆದೆ. ಈಗ ಅಲ್ಲಿಂದ ಮೇಲ್ ನನಗೊಬ್ಬಳಿಗೇ ಬರುತ್ತದೆ.

ಲೋಕಲ್‌ನಲ್ಲಿ ಸೀಟು ಸಿಕ್ಕಿತು. ಮನೆಗೆ ಬಂದು ಕೊತ್ತಂಬರಿ ತೊಳೆದಿಟ್ಟೆ. ಯಜಮಾನರಿಗೆ ನಡೆದದ್ದು ಹೇಳಿದೆ.

"ನಿನಗೇನೂ ಬಂದಿಲ್ಲ ತಾನೆ?" ಎಂದರು. ಇಲ್ಲ ಎಂದೆ. ಸದ್ಯ, ಎಂದು ಟಿವಿಯ ಸದ್ದು ಕಡಿಮೆ ಮಾಡಿದರು.

ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಮೇಲೆ ಒಂದು ಮೆಸೇಜ್ ಬಂತು: "ಹುಳಿ ಚಲೋ ಇತ್ತು ಅಕ್ಕಾ. ಮನ್ಯಾಗ ಎಲ್ಲಾರೂ ಉಂಡ್ವಿ."

ನಾವೂ ಅವಳ ಡಬ್ಬಿ ತೆರೆದೆವು. ಮಡಚಿದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೇಕಾಯಿ. ರೊಟ್ಟಿ ಗಟ್ಟಿಯಾಗಿತ್ತು, ನೀರು ಚಿಮುಕಿಸಿ ಬಿಸಿ ಮಾಡಿದೆ. ಬೆಳಗಿನ ಬೀನ್ಸ್ ಪಲ್ಯವೂ ಇತ್ತು. ಡಬ್ಬಿ ತೊಳೆದು ಬೋರಲು ಹಾಕಿದೆ. ದಿನಾ ಯಜಮಾನರೇ ಮೊದಲು ಮಲಗುತ್ತಾರೆ. ಆ ದಿನ ನಾನು ಮಲಗಿದೆ.